ಒಡ್ಡು, ಪಾಲು, ದಫ್ತರ: ನೋರ್ಡನ್ ಜಿಲ್ಲೆ ಮತ್ತು ಅದರ ಸಮುದಾಯಗಳು



ಒಂದು ಜಿಲ್ಲೆಯ ಚರಿತ್ರೆಯನ್ನು ಅದನ್ನು ಸ್ಥಾಪಿಸಿದ ಆದೇಶದಿಂದ ಆರಂಭಿಸಿ ರದ್ದುಗೊಳಿಸಿದ ಆದೇಶದಲ್ಲಿ ಮುಗಿಸುವುದು ಆಡಳಿತ ಚರಿತ್ರೆಯ ರೂಢಿ. ಆ ರೂಢಿಯಂತೆ ಲೆಕ್ಕ ಹಾಕಿದರೆ, ಜರ್ಮನಿಯ ವಾಯವ್ಯ ಮೂಲೆಯಲ್ಲಿ ಉತ್ತರ ಸಮುದ್ರದ ಅಂಚಿಗಿದ್ದ ನೋರ್ಡನ್ ಜಿಲ್ಲೆಯ ಆಯುಷ್ಯ 92 ವರ್ಷಗಳಷ್ಟೆ. ಪ್ರಷ್ಯದ ಸರ್ಕಾರ 1885ರಲ್ಲಿ ಅದನ್ನು ರಚಿಸಿತು, ಲೋಯರ್ ಸ್ಯಾಕ್ಸನಿ ರಾಜ್ಯ 1977ರಲ್ಲಿ ಅದನ್ನು ನೆರೆಯ ಔರಿಷ್ ಜಿಲ್ಲೆಯೊಂದಿಗೆ ಬೆಸೆದು ಮುಗಿಸಿತು. ಆದರೆ ಆ ಗಡಿಯೊಳಗೆ ಬದುಕಿದ ಜನಸಮುದಾಯಗಳಲ್ಲಿ ಕೆಲವು ಆ ಜಿಲ್ಲೆಗಿಂತ ಹತ್ತು ಪಟ್ಟು ಹಳೆಯವು, ಕೆಲವು ಜಿಲ್ಲೆ ಇರುವಾಗಲೇ ನಾಶವಾದವು, ಇನ್ನು ಕೆಲವು ಅದರ ಕೊನೆಯ ಮೂವತ್ತು ವರ್ಷಗಳಲ್ಲಷ್ಟೇ ಅಲ್ಲಿಗೆ ಬಂದು ನೆಲೆಸಿದವು. ಹೀಗಿರುವಾಗ ಜಿಲ್ಲೆಗೂ ಸಮುದಾಯಕ್ಕೂ ಇರುವ ಸಂಬಂಧವಾದರೂ ಏನು ಎಂಬ ಪ್ರಶ್ನೆ ಏಳುತ್ತದೆ. ಈ ಉಪನ್ಯಾಸದ ವಾದ ಇಷ್ಟು: ಆ ಕಡಲ ತೀರದ ಹಳೆಯ ಸಮುದಾಯಗಳು ಪರಸ್ಪರ ಹೊಣೆಯಿಂದ ಕಟ್ಟಿಕೊಂಡಂಥವು, ಮತ್ತು ಆ ಹೊಣೆಗೆ ಭೂಮಿಯೇ ಆಧಾರವಾಗಿದ್ದುದರಿಂದ ಭೂಮಿ ಇಲ್ಲದವರು ಅವುಗಳ ಹೊರಗೇ ಉಳಿದರು, ಹೊರಗಿನಿಂದ ಬಂದ ದಫ್ತರವೆನಿಸಿದ ಜಿಲ್ಲಾಡಳಿತವೇ ಒಳಗಿನವರನ್ನೂ ಹೊರಗಿನವರನ್ನೂ ಒಂದೇ ಪುಸ್ತಕದಲ್ಲಿ ಬರೆದುಕೊಂಡಿತು, ಮತ್ತು ಆ ಬರವಣಿಗೆ ಕೆಲವರಿಗೆ ಆಸರೆಯಾದರೆ ಕೆಲವರಿಗೆ ಕುತ್ತಾಯಿತು.

ಈ ಮೂಲೆ ಕನ್ನಡಿಗರಿಗೆ ಪೂರ್ತಿ ಅಪರಿಚಿತವಲ್ಲ. ಕನ್ನಡ-ಇಂಗ್ಲಿಷ್ ನಿಘಂಟಿನ ಕರ್ತೃ ಫರ್ಡಿನಾಂಡ್ ಕಿಟೆಲ್ ಹುಟ್ಟಿದ ರೆಸ್ಟರ್‌ಹಾಫೆ ಎಂಬ ಪುಟ್ಟ ಹಳ್ಳಿ ಮುಂದೆ ಈ ಜಿಲ್ಲೆಗೇ ಸೇರಿತು. ಅದರ ವಿಚಾರ ಮುಂದೆ ತಕ್ಕ ಸ್ಥಳದಲ್ಲಿ ಬರಲಿದೆ.

ಮೊದಲು ನೆಲದ ವಿಚಾರ. ಪೂರ್ವ ಫ್ರೀಸ್‌ಲ್ಯಾಂಡ್ ಎಂದು ಕರೆಯುವ ಈ ಪ್ರದೇಶದಲ್ಲಿ ಮೂರು ಬಗೆಯ ನೆಲವಿದೆ. ಕಡಲಿಗೆ ತಾಗಿದಂತೆ, ಭರತದ ನೀರು ಶತಮಾನಗಳ ಕಾಲ ತಂದು ಹಾಕಿದ ಜೇಡಿಮಣ್ಣಿನ ತಗ್ಗುಭೂಮಿಯಿದೆ; ಅದನ್ನು ಅಲ್ಲಿಯವರು 'ಮಾರ್ಷ್' ಎನ್ನುತ್ತಾರೆ. ಅದರ ಹಿಂದೆ ಹಿಮಯುಗದಲ್ಲಿ ಉಂಟಾದ ಮರಳಿನ ಏರುನೆಲವಿದ್ದು, ಅದಕ್ಕೆ 'ಗೇಸ್ಟ್' ಎಂದು ಹೆಸರು. ಈ ಏರುನೆಲದ ನಡುವೆ ಮತ್ತು ಹಿಂದೆ ನೀರು ಹರಿದುಹೋಗದೆ ಸಸ್ಯಗಳು ಅರೆಕೊಳೆತು ಪದರಪದರವಾಗಿ ಕೂತ 'ಮೋರ್' ಎಂಬ ಜೌಗುನೆಲವಿದೆ. ಅದನ್ನು ಇಟ್ಟಿಗೆಯಂತೆ ಕತ್ತರಿಸಿ ಒಣಗಿಸಿದರೆ ಪೀಟ್ ಎಂಬ ಉರುವಲು ಸಿಗುತ್ತದೆ. ಮಾರ್ಷಿನ ಮಣ್ಣು ಅತ್ಯಂತ ಫಲವತ್ತಾದುದು, ಗೇಸ್ಟಿನದು ಸಾಧಾರಣ, ಮೋರ್‌ನಲ್ಲಿ ಬೆಳೆ ತೆಗೆಯುವುದೇ ಸಾಹಸ. ಈ ಮೂರರಾಚೆ, ಇಳಿತದಲ್ಲಿ ಬಯಲಾಗಿ ಭರತದಲ್ಲಿ ಮುಳುಗುವ ಕೆಸರುಬಯಲನ್ನು ದಾಟಿದರೆ ಯೂಸ್ಟ್, ನೋರ್ಡರ್ನೈ, ಬಾಲ್ಟ್ರುಮ್ ಎಂಬ ಮರಳದ್ವೀಪಗಳು ಸಿಗುತ್ತವೆ. ಈ ಮೂರೂ ನೋರ್ಡನ್ ಜಿಲ್ಲೆಯವೇ. ಯಾರು ಸಿರಿವಂತರು, ಯಾರು ಬಡವರು, ಯಾರ ಮಾತಿಗೆ ಬೆಲೆ ಎಂಬ ಪ್ರಶ್ನೆಗಳಿಗೆ ಈ ಸೀಮೆಯಲ್ಲಿ ಬಹುಕಾಲ ಉತ್ತರ ಹೇಳಿದ್ದು ಮಣ್ಣಿನ ಬಗೆಯೇ.

ಮಾರ್ಷಿನ ನೆಲದ ಬಹುಭಾಗ ಎತ್ತರದ ಭರತದ ಮಟ್ಟಕ್ಕಿಂತ ತಗ್ಗಿನಲ್ಲಿದೆ. ಹೀಗಾಗಿ ಆರಂಭದಲ್ಲಿ ಜನ ಕೈಯಾರೆ ಮಣ್ಣು ಪೇರಿಸಿ ಎಬ್ಬಿಸಿದ ದಿಬ್ಬಗಳ ಮೇಲೆ ಊರು ಕಟ್ಟಿಕೊಂಡರು. ಸಾವಿರ ವರ್ಷಗಳ ಹಿಂದಿನಿಂದ ಕಡಲಿಗಡ್ಡವಾಗಿ ಒಡ್ಡು ಹಾಕತೊಡಗಿದರು. ಒಡ್ಡಿನ ಸ್ವಭಾವವೇನೆಂದರೆ ಅದು ಎಲ್ಲಿ ಅತ್ಯಂತ ದುರ್ಬಲವೋ ಅಷ್ಟೇ ಅದರ ಒಟ್ಟು ಬಲ; ಒಬ್ಬ ರೈತ ತನ್ನ ಪಾಲಿನ ಒಡ್ಡನ್ನು ಅಲಕ್ಷಿಸಿದರೆ ಹತ್ತು ಊರಿಗೆ ನೀರು ನುಗ್ಗುತ್ತದೆ. ಆದ್ದರಿಂದಲೇ ಇಲ್ಲಿಯ ಕಾನೂನುಗಳಲ್ಲಿ ಅತ್ಯಂತ ಕಠೋರವಾಗಿದ್ದುದು ಒಡ್ಡಿನ ಕಾನೂನು. ತನ್ನ ಪಾಲಿನ ಒಡ್ಡನ್ನು ದುರಸ್ತಿ ಮಾಡಲಾರದವನು ಅದರಲ್ಲಿ ಒಂದು ಸನಿಕೆಯನ್ನು ನೆಟ್ಟು, ಮನೆ ಹೊಲ ಎಲ್ಲವನ್ನೂ ಬಿಟ್ಟು ಹೊರಡಬೇಕಿತ್ತು. ಆ ಸನಿಕೆಯನ್ನು ಕಿತ್ತವನಿಗೆ ಅವನ ಆಸ್ತಿಯೂ ಸೇರಿತು, ಒಡ್ಡಿನ ಹೊಣೆಯೂ ಸೇರಿತು. ಇದನ್ನು 'ಸನಿಕೆಯ ಹಕ್ಕು' ಎಂದೇ ಕರೆಯುತ್ತಿದ್ದರು. ಒಡ್ಡನ್ನು ನೋಡಿಕೊಳ್ಳುವ ಭೂಮಾಲೀಕರ ಕೂಟಕ್ಕೆ 'ಡೈಷಾಖ್ಟ್' ಎಂದೂ, ಒಡ್ಡಿನ ಒಳಗೆ ನಿಂತ ಮಳೆನೀರನ್ನು ಇಳಿತದ ವೇಳೆ ತೂಬು ತೆರೆದು ಹೊರಬಿಡುವ ಕೂಟಕ್ಕೆ 'ಸೀಲಾಖ್ಟ್' ಎಂದೂ ಹೆಸರು. ಹೊರಗಿನ ನೀರನ್ನು ತಡೆಯುವುದು ಒಂದು ಕೆಲಸ, ಒಳಗಿನ ನೀರನ್ನು ಕಳಿಸುವುದು ಇನ್ನೊಂದು. ಎರಡಕ್ಕೂ ಬೇರೆ ಬೇರೆ ಸಭೆ, ಬೇರೆ ಬೇರೆ ವಂತಿಗೆ, ಬೇರೆ ಬೇರೆ ಗಡಿ. ಯಾವ ರಾಜನ ಗಡಿಯೂ ಈ ನೀರಿನ ಗಡಿಗಳೊಂದಿಗೆ ಸರಿಯಾಗಿ ಕೂಡಿಬರಲಿಲ್ಲ.

ಈ ಏರ್ಪಾಡಿಗೂ ಮಿತಿಯಿತ್ತು. 1374 ಮತ್ತು 1376ರ ಬಿರುಗಾಳಿಯ ಮಹಾಪೂರಗಳಲ್ಲಿ ಕಡಲು ಒಳನುಗ್ಗಿ ನೋರ್ಡನ್ ಪಟ್ಟಣದ ನೈರುತ್ಯಕ್ಕೆ 'ಲೈಬುಖ್ಟ್' ಎಂಬ ದೊಡ್ಡ ಕೊಲ್ಲಿಯೇ ಏರ್ಪಟ್ಟಿತು. ಅದರಿಂದ ನೋರ್ಡನ್ ಬಂದರಾಯಿತು, ಒಳನಾಡಿನ ಮರೀನ್‌ಹಾಫೆಗೂ ಹಡಗು ಬರುವಂತಾಯಿತು. ಕಳೆದುಕೊಂಡ ಈ ನೆಲವನ್ನು ಮತ್ತೆ ಒಡ್ಡು ಹಾಕಿ ತುಂಡುತುಂಡಾಗಿ ಕಡಲಿನಿಂದ ಕಸಿದುಕೊಳ್ಳುವ ಕೆಲಸ ಮುಂದಿನ ಆರು ಶತಮಾನಗಳನ್ನು ತೆಗೆದುಕೊಂಡಿತು. ಹೀಗೆ ಕಸಿದ ಹೊಲಕ್ಕೆ 'ಪೋಲ್ಡರ್' ಎನ್ನುತ್ತಾರೆ. 1717ರ ಕ್ರಿಸ್ಮಸ್ ರಾತ್ರಿ ಬಂದ ಪೂರದಲ್ಲಿ ಉತ್ತರ ಸಮುದ್ರದ ಕರಾವಳಿಯುದ್ದಕ್ಕೂ ಹತ್ತು ಸಾವಿರಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಪೂರ್ವ ಫ್ರೀಸ್‌ಲ್ಯಾಂಡಿನವರೇ ಎರಡು ಸಾವಿರಕ್ಕೂ ಮಿಕ್ಕಿ. ಒಡ್ಡುಗಳನ್ನು ಮತ್ತೆ ಎಬ್ಬಿಸಲು ವರ್ಷಗಳು ಹಿಡಿದವು, ಸಾಲದ ಹೊರೆ ತಲೆಮಾರುಗಳಿಗೆ ಉಳಿಯಿತು.

ಕಡಲಿಗೆ ಹೆದರದ ಜನ ದೊರೆಗೂ ಹೆದರಲಿಲ್ಲ ಎಂಬ ಅಭಿಮಾನದ ಮಾತು ಫ್ರೀಸಿಯನ್ ಚರಿತ್ರೆಯಲ್ಲಿ ಪದೇ ಪದೇ ಕೇಳಿಬರುತ್ತದೆ. ಯುರೋಪಿನ ಹೆಚ್ಚಿನ ಭಾಗ ಸಾಮಂತರ ಹಿಡಿತದಲ್ಲಿದ್ದ ಮಧ್ಯಯುಗದಲ್ಲಿ ಇಲ್ಲಿಯ ರೈತ ಸಮುದಾಯಗಳು ಒಡೆಯನಿಲ್ಲದೆ, ವರ್ಷಕ್ಕೊಮ್ಮೆ ಬದಲಾಗುವ ಚುನಾಯಿತ ನ್ಯಾಯಕರ್ತರ ಮೂಲಕ ತಮ್ಮನ್ನು ತಾವೇ ಆಳಿಕೊಂಡದ್ದು ನಿಜ. ಇದಕ್ಕೆ 'ಫ್ರೀಸಿಯನ್ ಸ್ವಾತಂತ್ರ್ಯ' ಎಂದು ಹೆಸರು. ಮರೀನ್‌ಹಾಫೆಯ ಸುತ್ತಲಿನ ಬ್ರೋಕ್‌ಮರ್‌ಲ್ಯಾಂಡಿನಲ್ಲಿ ಹದಿಮೂರನೆಯ ಶತಮಾನದಲ್ಲಿ ರೂಪುಗೊಂಡ 'ಬ್ರೋಕ್‌ಮರ್ ಪತ್ರ' ಎಂಬ ಹಳೆಯ ಫ್ರೀಸಿಯನ್ ಭಾಷೆಯ ಕಾನೂನು ಸಂಹಿತೆ, ಊರಿನಲ್ಲಿ ಯಾರೂ ಕೋಟೆಯನ್ನಾಗಲಿ ಎತ್ತರದ ಕಲ್ಲುಮನೆಯನ್ನಾಗಲಿ ಕಟ್ಟಬಾರದೆಂದು ವಿಧಿಸುತ್ತದೆ. ಎತ್ತರದ ಕಲ್ಲುಮನೆ ಇಂದು ಆಸ್ತಿ, ನಾಳೆ ಅಧಿಕಾರ ಎಂಬ ತಿಳಿವಳಿಕೆ ಆ ರೈತರಿಗೆ ಸ್ಪಷ್ಟವಾಗಿತ್ತು. ಆದರೂ ಕಾನೂನು ಸೋತಿತು: ಪ್ಲೇಗು ಮತ್ತು ಪೂರಗಳ ಹದಿನಾಲ್ಕನೆಯ ಶತಮಾನದಲ್ಲಿ ಬಲಿಷ್ಠ ಮನೆತನಗಳು ತಲೆಯೆತ್ತಿದವು, ಮತ್ತು ಕಲ್ಲುಮನೆಯನ್ನು ನಿಷೇಧಿಸಿದ ಬ್ರೋಕ್‌ಮರ್‌ಲ್ಯಾಂಡಿನಿಂದಲೇ ಟೋಮ್ ಬ್ರೋಕ್ ಎಂಬ ಪಾಳೆಯಗಾರ ಮನೆತನ ಹೊರಟು ಪೂರ್ವ ಫ್ರೀಸ್‌ಲ್ಯಾಂಡಿನ ಬಹುಭಾಗವನ್ನು ಹಿಡಿಯಿತು. ಹನ್ಸಾ ವರ್ತಕರ ಹಡಗುಗಳನ್ನು ದೋಚುತ್ತಿದ್ದ ಕಡಲ್ಗಳ್ಳರಿಗೆ ಮರೀನ್‌ಹಾಫೆಯಲ್ಲಿ ಆಶ್ರಯ ಸಿಕ್ಕಿದ್ದೂ ಈ ಪಾಳೆಯಗಾರರ ಕಾಲದಲ್ಲೇ. ಅವರಲ್ಲಿ ಹೆಸರಾಂತ ಷ್ಟೋರ್ಟೆಬೆಕರ್‌ನ ಸುತ್ತ ಹೆಣೆದ ಕಥೆಗಳು ಇಂದು ಪ್ರವಾಸಿಗರಿಗಾಗಿಯೇ ಉಳಿದಿವೆ ಎಂದರೆ ತಪ್ಪಾಗದು. 1427ರಲ್ಲಿ ಟೋಮ್ ಬ್ರೋಕ್ ಮನೆತನ ಯುದ್ಧದಲ್ಲಿ ಸೋತ ಮೇಲೆ ಗ್ರೀಟ್‌ಸೀಲಿನ ಚಿರ್ಕ್ಸೇನಾ ಮನೆತನ ಮೇಲೆ ಬಂತು. 1464ರಲ್ಲಿ ಚಕ್ರವರ್ತಿಯಿಂದ 'ಕೌಂಟ್' ಪದವಿ ಪಡೆದು 1744ರವರೆಗೆ ಆಳಿತು.

ಪಾಳೆಯಗಾರರು, ಕೌಂಟರು, ರಾಜರು ಎಲ್ಲರನ್ನೂ ದಾಟಿ ಉಳಿದ ಒಂದು ಕೂಟ ನೋರ್ಡನ್ನಿನಲ್ಲಿದೆ. ಅದರ ಹೆಸರು 'ಥೇಲಾಖ್ಟ್', ಅಂದರೆ ಪಾಲುದಾರರ ಕೂಟ. 884ರಲ್ಲಿ ನೋರ್ಡನ್ ಬಳಿ ಫ್ರೀಸಿಯನ್ ರೈತರು ವೈಕಿಂಗರನ್ನು ಸೋಲಿಸಿದ್ದು ಅಂದಿನ ಬರಹಗಳಲ್ಲಿ ದಾಖಲಾಗಿದೆ. ಆ ಯುದ್ಧದ ಬಳಿಕ ಕಡಲಂಚಿನಲ್ಲಿ ದೊರೆತ ನೆಲವನ್ನು ಹೋರಾಡಿದವರು ಹಂಚಿಕೊಳ್ಳದೆ ಒಟ್ಟಾಗಿ ಇಟ್ಟುಕೊಂಡು, ಅದರ ಉತ್ಪತ್ತಿಯನ್ನಷ್ಟೇ ಪಾಲು ಮಾಡಿಕೊಂಡರೆಂಬುದು ಕೂಟದ ಪರಂಪರೆ. ಪರಂಪರೆಯ ಪ್ರತಿಯೊಂದು ಅಂಶವನ್ನೂ ಇತಿಹಾಸಕಾರರು ಒಪ್ಪಬೇಕಿಲ್ಲ. ಕೂಟವಂತೂ ಮಧ್ಯಯುಗದಷ್ಟು ಹಳೆಯದು, ಇಂದಿಗೂ ಸಭೆ ಸೇರಿ ಪಾಲುದಾರರಿಗೆ ಹಣ ಹಂಚುತ್ತದೆ, ಮತ್ತು ನೋರ್ಡನ್ ಪೇಟೆಯ ಹಳೆಯ ಪುರಭವನದಲ್ಲಿ ಅದಕ್ಕೊಂದು ಕೊಠಡಿಯಿದೆ. ಇದರಲ್ಲಿ ವಂಶಪಾರಂಪರ್ಯವಾಗಿ ಬರುವ ಪಾಲು ಬೇರೆ, ಕೊಂಡು ಪಡೆಯುವ ಪಾಲು ಬೇರೆ. ಈಗ ಕೈಗೆ ಬರುವ ಮೊತ್ತ ಗೌರವದ ಗುರುತಿನಷ್ಟು. ಆದರೆ ನೆಲವನ್ನು ತುಂಡರಿಸದೆ ಅದರ ಫಲವನ್ನು ಹಂಚುವ ಈ ತತ್ತ್ವ, ಖಾಸಗಿ ಒಡೆತನದ ಬಗೆಗಿನ ರೋಮನ್ ಕಾನೂನಿಗಿಂತ ಬೇರೆಯಾದ ಒಂದು ಕಾನೂನು ಕಲ್ಪನೆಯನ್ನು ತೋರುತ್ತದೆ. ಜರ್ಮನ್ ಕಾನೂನಿನ ಮೂಲ ರೋಮನ್ ಚಕ್ರವರ್ತಿಯ ಆಜ್ಞೆಯಲ್ಲಿಲ್ಲವೆಂದು 1643ರಲ್ಲಿ ಗ್ರಂಥಮುಖೇನ ವಾದಿಸಿ ಜರ್ಮನ್ ಕಾನೂನು ಚರಿತ್ರೆಯೆಂಬ ಶಾಸ್ತ್ರಕ್ಕೆ ಬುನಾದಿ ಹಾಕಿದ ಹೆರ್ಮನ್ ಕಾನ್ರಿಂಗ್ 1606ರಲ್ಲಿ ಹುಟ್ಟಿದ್ದು ಇದೇ ನೋರ್ಡನ್ನಿನಲ್ಲಿ ಎಂಬುದನ್ನು ಇಲ್ಲಿ ನೆನೆಯದೆ ಮುಂದೆ ಹೋಗುವಂತಿಲ್ಲ. ಎರಡಕ್ಕೂ ನೇರ ಸಂಬಂಧ ಕಟ್ಟುವುದು ಮಾತ್ರ ಅತಿಯಾದೀತು.

ಇಷ್ಟು ಹೇಳಿದ ಮೇಲೆ ಒಂದು ತಕರಾರನ್ನೂ ಎತ್ತಬೇಕು. ಒಡ್ಡಿನ ಕೂಟ, ತೂಬಿನ ಕೂಟ, ಪಾಲಿನ ಕೂಟ, ಚುನಾಯಿತ ನ್ಯಾಯಕರ್ತರ ಸಭೆ, ಇವೆಲ್ಲವೂ ಭೂಮಿಯುಳ್ಳವರ ಸಂಸ್ಥೆಗಳು. ಒಡ್ಡಿನ ಮೇಲೆ ಮಣ್ಣು ಹೊತ್ತ ಕೂಲಿಯವನು ಆ ಸಭೆಯಲ್ಲಿ ಕೂರಲಿಲ್ಲ. ಮಾರ್ಷಿನ ದೊಡ್ಡ ಒಕ್ಕಲುಮನೆಗಳಲ್ಲಿ ವರ್ಷಗಟ್ಟಲೆ ಜೀತದಂತೆ ದುಡಿದ ಆಳುಗಳ ಹೆಸರು ಯಾವ ಪಾಲುಪಟ್ಟಿಯಲ್ಲೂ ಇಲ್ಲ. ಫ್ರೀಸಿಯನ್ ಸ್ವಾತಂತ್ರ್ಯವನ್ನು ಪ್ರಜಾಪ್ರಭುತ್ವದ ತೊಟ್ಟಿಲೆಂದು ಬಣ್ಣಿಸುವ ಬರಹಗಾರರು ಈ ಪ್ರಶ್ನೆಯನ್ನು ಬಹುಮಟ್ಟಿಗೆ ಬದಿಗಿಟ್ಟಿದ್ದಾರೆ.

ಧರ್ಮದ ವಿಷಯದಲ್ಲಿ ಈ ನಾಡು ಮತ್ತೊಂದು ಅಪರೂಪವನ್ನು ತೋರುತ್ತದೆ. ಹದಿನಾರನೆಯ ಶತಮಾನದ ಧರ್ಮಸುಧಾರಣೆಯ ಕಾಲದಲ್ಲಿ ಜರ್ಮನಿಯ ಬೇರೆಡೆ ದೊರೆಯ ಮತವೇ ಪ್ರಜೆಯ ಮತವೆಂಬ ನಿಯಮ ನೆಲೆಗೊಂಡರೆ, ಇಲ್ಲಿ ದೊರೆ ದುರ್ಬಲನಾಗಿದ್ದು ಊರುಗಳು ಬಲವಾಗಿದ್ದುದರಿಂದ ಹಾಗಾಗಲಿಲ್ಲ. ಎಮ್ಡನ್ ನಗರವೂ ಅದರ ಉತ್ತರಕ್ಕಿರುವ ಕ್ರುಮ್‌ಹ್ಯೋರ್ನ್ ಎಂಬ ಮಾರ್ಷಿನ ಸೀಮೆಯೂ ಕ್ಯಾಲ್ವಿನ್‌ನ ಬೋಧೆಯನ್ನು ಅನುಸರಿಸುವ 'ರಿಫಾರ್ಮ್ಡ್' ಪಂಗಡದ ಕಡೆಗೆ ಹೋದವು. ನೋರ್ಡನ್ ಮತ್ತು ಅದರ ಪೂರ್ವದ ಊರುಗಳು ಲೂಥರ್‌ನ ಪಂಗಡದಲ್ಲಿ ಉಳಿದವು. 1599ರ ಎಮ್ಡನ್ ಒಡಂಬಡಿಕೆ, ಯಾವ ಊರಿನಲ್ಲಿ ಯಾವ ಪಂಗಡದ ಆರಾಧನೆ ರೂಢಿಯಲ್ಲಿತ್ತೋ ಅದನ್ನೇ ಮುಂದುವರಿಸಬೇಕೆಂದು ಒಪ್ಪಿಸಿತು. ಕ್ರುಮ್‌ಹ್ಯೋರ್ನ್‌ನ ರಿಫಾರ್ಮ್ಡ್ ಚರ್ಚುಗಳಲ್ಲೂ ಶಾಲೆಗಳಲ್ಲೂ ಹತ್ತೊಂಬತ್ತನೆಯ ಶತಮಾನದವರೆಗೆ ಡಚ್ ಭಾಷೆ ನಡೆಯಿತು, ಲೂಥರನ್ ಕಡೆ ಜರ್ಮನ್ ನಡೆಯಿತು. ಮನೆಯಲ್ಲಿ ಮಾತ್ರ ಇಬ್ಬರೂ 'ಪ್ಲಾಟ್' ಎಂಬ ಕೆಳನಾಡಿನ ಜರ್ಮನ್ ನುಡಿಯನ್ನೇ ಆಡುತ್ತಿದ್ದರು. ಹಳೆಯ ಫ್ರೀಸಿಯನ್ ಭಾಷೆ ಅಷ್ಟರಲ್ಲಾಗಲೇ ಈ ತೀರದಿಂದ ಮರೆಯಾಗುತ್ತ ಬಂದಿತ್ತು. ನೋರ್ಡನ್ ಪಟ್ಟಣದ ಲುಡ್ಗೇರಿ ಚರ್ಚು ಪೂರ್ವ ಫ್ರೀಸ್‌ಲ್ಯಾಂಡಿನ ಮಧ್ಯಯುಗದ ಚರ್ಚುಗಳಲ್ಲೇ ದೊಡ್ಡದು. ಅದರಲ್ಲಿ ಆರ್ಪ್ ಷ್ನಿಟ್ಗರ್ 1686ರಿಂದ ಕಟ್ಟಿದ ಆರ್ಗನ್ ವಾದ್ಯ ಇಂದಿಗೂ ನುಡಿಯುತ್ತದೆ. ಇಂಥ ಲೂಥರನ್ ಪಟ್ಟಣದಲ್ಲಿ ರಿಫಾರ್ಮ್ಡ್ ಪಂಗಡದವರಿಗೆ ಚರ್ಚು ಕಟ್ಟಲು ಅವಕಾಶವಿಲ್ಲದೆ, ಅವರು ಪಟ್ಟಣದ ಎಲ್ಲೆಯಾಚೆ ಬಾರ್ಗೆಬೂರ್‌ನಲ್ಲಿ ತಮ್ಮದನ್ನು ಕಟ್ಟಿಕೊಂಡರು.

ಈ ಎರಡೂ ಪಂಗಡಗಳಿಗೆ ಒಪ್ಪಿಗೆಯಾಗದ ಮೂರನೆಯವರು ಮೆನ್ನೊನೈಟರು. ಶಿಶುಗಳಿಗೆ ದೀಕ್ಷಾಸ್ನಾನ ಕೊಡುವುದನ್ನು, ನ್ಯಾಯಾಲಯದಲ್ಲಿ ಪ್ರಮಾಣ ಮಾಡುವುದನ್ನು, ಆಯುಧ ಹಿಡಿಯುವುದನ್ನು ಒಪ್ಪದ ಈ ಪಂಗಡದವರು ನೆದರ್ಲ್ಯಾಂಡ್ಸಿನ ಕಿರುಕುಳವನ್ನು ತಪ್ಪಿಸಿಕೊಂಡು ಇಲ್ಲಿಗೆ ಬಂದು, ವಿಶೇಷ ತೆರಿಗೆ ತೆತ್ತು ಸಹನೆಯನ್ನು ಕೊಂಡುಕೊಂಡರು. ಸಂಖ್ಯೆಯಲ್ಲಿ ಅವರು ಅಲ್ಪ, ವ್ಯಾಪಾರದಲ್ಲಿ ಅಲ್ಪರಲ್ಲ. ನೋರ್ಡನ್ನಿನ ಮಾರುಕಟ್ಟೆ ಚೌಕಕ್ಕೇ ಮುಖಮಾಡಿದ ಒಂದು ದೊಡ್ಡ ಮನೆ ಅವರ ಪ್ರಾರ್ಥನಾಮಂದಿರವಾಯಿತು. 1806ರಲ್ಲಿ ಇಲ್ಲಿ ಡೋರ್ನ್‌ಕಾಟ್ ಎಂಬ ಹೆಸರಾಂತ ಭಟ್ಟಿಯನ್ನು ಆರಂಭಿಸಿದ ಟೆನ್ ಡೋರ್ನ್‌ಕಾಟ್ ಕೋಲ್ಮನ್ ಮನೆತನವೂ ಮೆನ್ನೊನೈಟರದೇ.

ಇದೇ ಮನೆತನದ ಯಾನ್ ಟೆನ್ ಡೋರ್ನ್‌ಕಾಟ್ ಕೋಲ್ಮನ್ (1815-1889) ಪೂರ್ವ ಫ್ರೀಸ್‌ಲ್ಯಾಂಡಿನ ಜನರ ಆಡುನುಡಿಯ ನಿಘಂಟನ್ನು ಮೂರು ಸಂಪುಟಗಳಲ್ಲಿ, 1879ರಿಂದ 1884ರ ನಡುವೆ, ನೋರ್ಡನ್ನಿನಿಂದಲೇ ಪ್ರಕಟಿಸಿದರು. ಅದೇ ವರ್ಷಗಳಲ್ಲಿ, ಅಲ್ಲಿಂದ ಕೆಲವೇ ಮೈಲಿ ದೂರದ ರೆಸ್ಟರ್‌ಹಾಫೆಯಲ್ಲಿ ಪಾದ್ರಿಯ ಮಗನಾಗಿ 1832ರಲ್ಲಿ ಹುಟ್ಟಿದ್ದ ಕಿಟೆಲ್ ಕನ್ನಡದ ನಿಘಂಟಿಗಾಗಿ ದುಡಿಯುತ್ತಿದ್ದರು. ಬಾಸೆಲ್ ಮಿಶನ್ನಿನ ಮೂಲಕ 1853ರಲ್ಲಿ ಭಾರತಕ್ಕೆ ಬಂದಿದ್ದ ಅವರ ಆ ಮಹಾಗ್ರಂಥ 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಇಬ್ಬರಿಗೂ ಒಬ್ಬರ ಕೆಲಸ ಇನ್ನೊಬ್ಬರಿಗೆ ಗೊತ್ತಿತ್ತೆಂದು ಊಹಿಸಲು ಆಧಾರ ಬೇಕು. ಮನೆಯ ನುಡಿ, ಚರ್ಚಿನ ನುಡಿ, ದಫ್ತರದ ನುಡಿ ಮೂರೂ ಬೇರೆಬೇರೆಯಾಗಿದ್ದ ನಾಡಿನಲ್ಲಿ ಪದಗಳ ಕಡೆಗೆ ಗಮನ ಹೆಚ್ಚಿರುವುದು ಸಹಜವೆಂದಷ್ಟೇ ಹೇಳಬಹುದು. ರೆಸ್ಟರ್‌ಹಾಫೆಯ ಕೀರ್ತಿ ಕಿಟೆಲ್‌ರಿಂದಲೇ ಆರಂಭವಾದುದೂ ಅಲ್ಲ: ಅಲ್ಲಿ ಪಾದ್ರಿಯಾಗಿದ್ದ ಡಾವಿಡ್ ಫಾಬ್ರಿಸಿಯಸ್ 1596ರಲ್ಲಿ ತಿಮಿಂಗಿಲ ರಾಶಿಯ 'ಮೀರಾ' ಎಂಬ ತಾರೆ ತನ್ನ ಹೊಳಪನ್ನು ಬದಲಿಸುವುದನ್ನು ಕಂಡರು, ಅದೇ ಊರಿನಲ್ಲಿ ಹುಟ್ಟಿದ ಅವರ ಮಗ ಯೋಹಾನ್ನೆಸ್ 1611ರಲ್ಲಿ ಸೂರ್ಯನ ಕಲೆಗಳ ಕುರಿತ ಮೊದಲ ಮುದ್ರಿತ ಪುಸ್ತಕವನ್ನು ತಂದರು. ಮುಂದೆ ಓಸ್ಟೇಲ್ ಎಂಬ ಊರಿನ ಪಾದ್ರಿಯಾದ ತಂದೆ ಫಾಬ್ರಿಸಿಯಸ್ 1617ರಲ್ಲಿ ಅಲ್ಲಿಯ ಒಬ್ಬ ರೈತನ ಕೈಯಿಂದ ಹತರಾದರು. ಕಿಟೆಲ್ ಹುಟ್ಟಿದಾಗ ರೆಸ್ಟರ್‌ಹಾಫೆ ಹ್ಯಾನೋವರ್ ರಾಜ್ಯದ್ದು, ನಿಘಂಟು ಹೊರಬಂದಾಗ ಪ್ರಷ್ಯದ ನೋರ್ಡನ್ ಜಿಲ್ಲೆಯದು, ಈಗ ಔರಿಷ್ ಜಿಲ್ಲೆಯ ಡೋರ್ನುಮ್ ಪಂಚಾಯಿತಿಯದು. ಊರು ಮಾತ್ರ ಇದ್ದಲ್ಲೇ ಇದೆ.

ಆಳುವವರು ಹೀಗೆ ಬದಲಾದ ಬಗೆಯನ್ನು ಬೇಗ ದಾಟಬಹುದು. ಚಿರ್ಕ್ಸೇನಾ ವಂಶದ ಕೊನೆಯವನು 1744ರಲ್ಲಿ ಸಂತಾನವಿಲ್ಲದೆ ತೀರಿಕೊಂಡಾಗ ಪ್ರಷ್ಯದ ಎರಡನೆಯ ಫ್ರೆಡರಿಕ್ ನಾಡನ್ನು ವಶಪಡಿಸಿಕೊಂಡನು. ನೆಪೋಲಿಯನ್ನನ ಕಾಲದಲ್ಲಿ ಅದು ಮೊದಲು ಹಾಲೆಂಡ್ ರಾಜ್ಯಕ್ಕೆ, 1810ರಲ್ಲಿ ನೇರವಾಗಿ ಫ್ರಾನ್ಸಿಗೆ ಸೇರಿತು. 1815ರ ವಿಯೆನ್ನಾ ಸಮ್ಮೇಳನ ಅದನ್ನು ಹ್ಯಾನೋವರಿಗೆ ಕೊಟ್ಟಿತು. 1866ರಲ್ಲಿ ಹ್ಯಾನೋವರನ್ನೇ ಪ್ರಷ್ಯ ನುಂಗಿತು. ಈ ನಡುವೆ ಪ್ರಷ್ಯ ಮಾಡಿದ ಒಂದು ಕೆಲಸದ ಪರಿಣಾಮ ಮಾತ್ರ ಬಹುಕಾಲ ಉಳಿಯಿತು. 1765ರ ರಾಜಾಜ್ಞೆಯೊಂದು ಸಾಗುವಳಿಯಾಗದ ಜೌಗುನೆಲವೆಲ್ಲ ರಾಜನದೆಂದು ಸಾರಿ, ಬಡವರನ್ನು ಅಲ್ಲಿ ಒಕ್ಕಲು ಕೂರಿಸಿತು. ಬಂಡವಾಳವಿಲ್ಲದ, ನೀರು ಬಸಿಯುವ ಕಾಲುವೆಯಿಲ್ಲದ ತುಂಡುನೆಲದಲ್ಲಿ ಅವರು ಜೌಗಿನ ಮೇಲ್ಪದರವನ್ನು ಸುಟ್ಟು ಬೂದಿಯಲ್ಲಿ ಬಕ್‌ವೀಟ್ ಎಂಬ ಕಿರುಧಾನ್ಯ ಬಿತ್ತಿದರು. ಕೆಲವೇ ವರ್ಷಗಳಲ್ಲಿ ಮಣ್ಣಿನ ಸತ್ವ ಬರಿದಾಯಿತು. ಮೊದಲ ತಲೆಮಾರಿಗೆ ಸಾವು, ಎರಡನೆಯದಕ್ಕೆ ಕಷ್ಟ, ಮೂರನೆಯದಕ್ಕೆ ಅನ್ನ ಎಂಬರ್ಥದ ಗಾದೆ ಆ ಜನರ ನಡುವೆಯೇ ಹುಟ್ಟಿತು. ಇದಕ್ಕೆ ಬೇರೆಯಾದ ದಾರಿಯೂ ಇತ್ತು: ನೋರ್ಡನ್ ಪಟ್ಟಣದ ಹಣವುಳ್ಳವರ ಕಂಪನಿಯೊಂದು 1794ರಲ್ಲಿ ಬೇರುಮರ್‌ಫೇನ್ ಎಂಬ ನೆಲೆಯನ್ನು ಸ್ಥಾಪಿಸಿದಾಗ, ಮೊದಲು ಕಾಲುವೆ ತೋಡಿ, ಅದರ ಮೂಲಕ ಪೀಟ್ ಸಾಗಿಸಿ ಮಾರಿ, ಆಮೇಲೆ ತೆರವಾದ ನೆಲವನ್ನು ಹದಮಾಡುವ ಕ್ರಮವನ್ನು ಅನುಸರಿಸಲಾಯಿತು. ಅಲ್ಲಿಯೂ ಬಡತನ ಕಡಿಮೆಯೇನಿರಲಿಲ್ಲ. ಮಾರ್ಷಿನ ರೈತ ಈ ಜೌಗಿನವರನ್ನು ತನ್ನ ಸರಿಸಮಾನರೆಂದು ಎಣಿಸಿದ್ದು ತೀರ ಈಚೆಗೆ.

ಸಭಾಸದರೆ, ಇಂಥ ನೆಲದ ಮೇಲೆ 1885ರಲ್ಲಿ ಜಿಲ್ಲೆಯೆಂಬ ಗೆರೆ ಬಿತ್ತು. ಪ್ರಷ್ಯ ತನ್ನ ಹಳೆಯ ಪ್ರಾಂತ್ಯಗಳಲ್ಲಿದ್ದ ವ್ಯವಸ್ಥೆಯನ್ನು ಹ್ಯಾನೋವರ್ ಪ್ರಾಂತ್ಯಕ್ಕೂ ವಿಸ್ತರಿಸಿ, ನೋರ್ಡನ್ ಪಟ್ಟಣವನ್ನೂ ನೋರ್ಡನ್, ಬೇರುಮ್ ಎಂಬ ಎರಡು ಹಳೆಯ ಕಂದಾಯ ವಿಭಾಗಗಳನ್ನೂ ಕೂಡಿಸಿ ಒಂದು 'ಕ್ರೈಸ್' ಮಾಡಿತು. ಕ್ರೈಸ್ ಎಂಬುದಕ್ಕೆ ಎರಡು ಮುಖಗಳಿದ್ದವು: ರಾಜನು ನೇಮಿಸಿದ 'ಲಾಂಡ್ರಾಟ್' ಎಂಬ ಅಧಿಕಾರಿಯ ಮೂಲಕ ಅದು ಸರ್ಕಾರದ ಕೊನೆಯ ಕೈ, 'ಕ್ರೈಸ್‌ಟಾಗ್' ಎಂಬ ಜಿಲ್ಲಾಸಭೆಯ ಮೂಲಕ ಅದು ರಸ್ತೆ, ಬಡವರ ಪಾಲನೆ, ಉಳಿತಾಯ ಬ್ಯಾಂಕು ಮುಂತಾದವನ್ನು ತಾನೇ ನಡೆಸುವ ಸ್ಥಳೀಯ ಸಂಸ್ಥೆ. ಸಭೆಯ ಸದಸ್ಯರನ್ನು ದೊಡ್ಡ ಭೂಮಾಲೀಕರು, ಹಳ್ಳಿಗಳು, ಪಟ್ಟಣಗಳು ಎಂಬ ಮೂರು ಗುಂಪುಗಳಿಂದ ಆರಿಸುತ್ತಿದ್ದುದರಿಂದ, 1919ರಲ್ಲಿ ಎಲ್ಲರಿಗೂ ಸಮಾನ ಮತ ಬರುವವರೆಗೆ, ಹಳೆಯ ಒಡ್ಡಿನ ಸಭೆಯ ಮುಖಗಳೇ ಇಲ್ಲಿಯೂ ಕಾಣಿಸಿದವು. ಹಾಗಿದ್ದರೂ ಒಂದು ಭೇದವಿದೆ. ಒಡ್ಡಿನ ಕೂಟ ಭೂಮಿಯನ್ನು ಲೆಕ್ಕ ಹಾಕುತ್ತಿತ್ತು. ಜಿಲ್ಲಾ ದಫ್ತರ ಜನರನ್ನು ಲೆಕ್ಕ ಹಾಕಿತು. ಜೌಗಿನ ಒಕ್ಕಲಿಗ, ದ್ವೀಪದ ಮೀನುಗಾರ, ಯೆಹೂದಿ ದನದ ವ್ಯಾಪಾರಿ, ಮಾರ್ಷಿನ ಆಳು, ಇವರೆಲ್ಲ ಒಂದೇ ಪುಸ್ತಕದ ಪುಟಗಳಲ್ಲಿ ಕೂತದ್ದು ಅಲ್ಲಿ.

ಜಿಲ್ಲೆಯ ಆರ್ಥಿಕ ಮುಖವೂ ಆಗಲೇ ಕಡಲ ಕಡೆ ತಿರುಗುತ್ತಿತ್ತು. 1797ರಲ್ಲೇ ಪ್ರಷ್ಯದ ರಾಜ ಮಾನ್ಯ ಮಾಡಿದ್ದ ನೋರ್ಡರ್ನೈ ಸಮುದ್ರಸ್ನಾನಧಾಮ ಜರ್ಮನಿಯ ಉತ್ತರ ಸಮುದ್ರ ತೀರದಲ್ಲಿ ಮೊದಲನೆಯದು. ಹ್ಯಾನೋವರಿನ ಅರಸರು ಅದನ್ನು ಬೇಸಿಗೆಯ ಬೀಡು ಮಾಡಿಕೊಂಡಿದ್ದರು, ಕವಿ ಹೈನೆ 1820ರ ದಶಕದಲ್ಲಿ ಅಲ್ಲಿ ತಂಗಿದ್ದನು. 1883ರಲ್ಲಿ ನೋರ್ಡನ್ನಿಗೆ ರೈಲು ಬಂದು, ಬಳಿಕ ನೋರ್ಡೈಷ್ ಎಂಬ ಹಡಗುಕಟ್ಟೆಯವರೆಗೂ ಮುಂದುವರಿದಾಗ ದ್ವೀಪಗಳು ಹತ್ತಿರವಾದವು. ಅಲ್ಲಿಯೇ 1907ರಿಂದ ಹಡಗುಗಳೊಡನೆ ಮಾತಾಡಿದ ನೋರ್ಡೈಷ್ ರೇಡಿಯೊ ಕೇಂದ್ರ 1998ರವರೆಗೆ ಜರ್ಮನ್ ನಾವಿಕರ ಕಿವಿಯಾಗಿತ್ತು. ಈ ಎಲ್ಲದರ ನಡುವೆ ಮನೆಮನೆಯಲ್ಲೂ ನಡೆಯುತ್ತಿದ್ದುದು ಚಹಾ: ಇಲ್ಲಿಯವರು ಜರ್ಮನಿಯ ಉಳಿದವರಿಗಿಂತ ಎಷ್ಟೋ ಪಟ್ಟು ಹೆಚ್ಚು, ವರ್ಷಕ್ಕೆ ತಲೆಗೆ ಸುಮಾರು 300 ಲೀಟರ್ ಚಹಾ ಕುಡಿಯುತ್ತಾರೆ, ಮತ್ತು ಕಲ್ಲುಸಕ್ಕರೆಯ ಮೇಲೆ ಸುರಿದು ಕೆನೆ ಬಿಡುವ ಆ ಚಹಾದ ಮುಖ್ಯ ಎಲೆ ಅಸ್ಸಾಮಿನದು.

1932ರ ಆರ್ಥಿಕ ಕುಸಿತದ ದಿನಗಳಲ್ಲಿ ಪ್ರಷ್ಯ ಸರ್ಕಾರ ಖರ್ಚು ತಗ್ಗಿಸಲೆಂದು ಸಣ್ಣ ಜಿಲ್ಲೆಗಳನ್ನು ಮುಚ್ಚಿದಾಗ ಎಮ್ಡನ್ ಗ್ರಾಮಾಂತರ ಜಿಲ್ಲೆಯ ಬಹುಭಾಗ ನೋರ್ಡನ್ನಿಗೆ ಬಂತು. ಕ್ರುಮ್‌ಹ್ಯೋರ್ನ್‌ನ ರಿಫಾರ್ಮ್ಡ್ ಹಳ್ಳಿಗಳಿಗೆ ಪೇಟೆ, ಚರ್ಚಿನ ಕೇಂದ್ರ, ನಂಟಸ್ತನ ಎಲ್ಲವೂ ಎಮ್ಡನ್ನಿನಲ್ಲಿ. ಕಡತ ಮಾತ್ರ ಲೂಥರನ್ ನೋರ್ಡನ್ನಿನಲ್ಲಿ. 1599ರ ಒಡಂಬಡಿಕೆ ಎಳೆದಿದ್ದ ಎಲ್ಲೆ ಜಿಲ್ಲೆಯ ಒಳಗೇ ಹಾದುಹೋಗುವಂತಾಯಿತು. ದೊಡ್ಡ ಕಲಹವೇನೂ ಆಗಲಿಲ್ಲ. ಗಡಿ ಬದಲಾದ ಮಾತ್ರಕ್ಕೆ ಜನರ ದಾರಿ ಬದಲಾಗಲಿಲ್ಲ ಎಂಬುದಕ್ಕೆ ಮಾತ್ರ ಇದು ಒಳ್ಳೆಯ ನಿದರ್ಶನ.

ಮುಂದಿನ ಅಧ್ಯಾಯದಲ್ಲಿ ಹಾಗಾಗಲಿಲ್ಲ. ಯೆಹೂದಿಗಳು ಹದಿನಾರನೆಯ ಶತಮಾನದಿಂದ ನೋರ್ಡನ್ನಿನಲ್ಲಿದ್ದವರು. ದನದ ವ್ಯಾಪಾರ ಮತ್ತು ಕಸಾಯಿ ಅವರ ಮುಖ್ಯ ಕಸುಬುಗಳಾಗಿದ್ದು, ಮಾರ್ಷಿನ ರೈತನ ದನ ಸಂತೆಗೆ ಹೋಗುತ್ತಿದ್ದುದು ಬಹುತೇಕ ಅವರ ಕೈಯಿಂದ. ಭೂಮಿಯ ಒಡೆತನ ದೀರ್ಘಕಾಲ ನಿಷಿದ್ಧವಾಗಿದ್ದುದರಿಂದ ಒಡ್ಡಿನ ಕೂಟದಲ್ಲಾಗಲಿ ಪಾಲಿನ ಕೂಟದಲ್ಲಾಗಲಿ ಅವರಿಗೆ ಜಾಗವಿರಲಿಲ್ಲ. ಹಾಲೆಂಡ್ ಮತ್ತು ಫ್ರಾನ್ಸಿನ ಆಡಳಿತ ಕೊಟ್ಟ ನಾಗರಿಕ ಸಮಾನತೆಯನ್ನು ಹ್ಯಾನೋವರ್ ಕಿತ್ತುಕೊಂಡಿತು. ಪೂರ್ಣ ಸಮಾನತೆ ಮರಳಿದ್ದು ಉತ್ತರ ಜರ್ಮನ್ ಒಕ್ಕೂಟದ 1869ರ ಕಾನೂನಿನಿಂದ. ಅಂದರೆ ಅವರನ್ನು ಸಮಾನರೆಂದು ಬರೆದುಕೊಂಡದ್ದು ಊರಿನ ಕೂಟಗಳಲ್ಲ, ದೂರದ ರಾಜ್ಯ. ಅದೇ ರಾಜ್ಯದ ಸ್ವರೂಪ 1933ರಲ್ಲಿ ಬದಲಾದಾಗ ಅದೇ ಪಟ್ಟಿಗಳು ಯಾರ ಅಂಗಡಿಗೆ ಬಹಿಷ್ಕಾರ, ಯಾರ ಪರವಾನಗಿ ರದ್ದು ಎಂಬುದನ್ನು ತೋರಿಸಿಕೊಟ್ಟವು. ಯೆಹೂದಿ ಅತಿಥಿಗಳ ಸಂಖ್ಯೆ ಹೆಚ್ಚಾಗಿದ್ದ ನೋರ್ಡರ್ನೈ ಸ್ನಾನಧಾಮ 1933ರಲ್ಲೇ ಅವರಿಗೆ ಸ್ವಾಗತವಿಲ್ಲವೆಂದು ಸಾರಿತು. 1935ರ ಬೇಸಿಗೆಯಲ್ಲಿ, ನ್ಯೂರೆಂಬರ್ಗ್ ಕಾನೂನುಗಳು ಬರುವುದಕ್ಕೂ ಮೊದಲೇ, ಒಬ್ಬ ಯೆಹೂದಿ ಯುವಕನನ್ನೂ ಅವನ ಕ್ರೈಸ್ತ ಗೆಳತಿಯನ್ನೂ ಕೊರಳಿಗೆ ಹಲಗೆ ತೂಗಿಸಿ ನೋರ್ಡನ್ನಿನ ಬೀದಿಗಳಲ್ಲಿ ಮೆರವಣಿಗೆ ಮಾಡಲಾಯಿತು. ಬೀದಿಯ ಇಕ್ಕೆಲದಲ್ಲಿ ನಿಂತು ನೋಡಿದವರು ಬರ್ಲಿನ್ನಿನಿಂದ ಬಂದವರೇನೂ ಆಗಿರಲಿಲ್ಲ. 1938ರ ನವೆಂಬರ್ 9ರ ರಾತ್ರಿ ನೋರ್ಡನ್ನಿನ ಸಿನಗಾಗ್ ಸುಟ್ಟುಹೋಯಿತು. ಡೋರ್ನುಮ್‌ನ 1841ರ ಸಿನಗಾಗ್ ಉಳಿದದ್ದು, ಆ ರಾತ್ರಿಗೆ ಎರಡೇ ದಿನ ಮೊದಲು ಅದು ಊರಿನ ಬಡಗಿಯೊಬ್ಬನಿಗೆ ಮಾರಾಟವಾಗಿ ಅವನ ಸ್ವತ್ತಾಗಿತ್ತು ಎಂಬ ಕಾರಣಕ್ಕೆ. ಪೂರ್ವ ಫ್ರೀಸ್‌ಲ್ಯಾಂಡಿನಲ್ಲಿ ಸಿನಗಾಗಿನ ರೂಪದಲ್ಲಿ ಉಳಿದಿರುವ ಕಟ್ಟಡ ಅದೊಂದೇ, 1990ರ ದಶಕದಿಂದ ಅದು ಸ್ಮಾರಕ. 1940ರ ವಸಂತದ ಹೊತ್ತಿಗೆ ಪೂರ್ವ ಫ್ರೀಸ್‌ಲ್ಯಾಂಡಿನ ಯೆಹೂದಿಗಳೆಲ್ಲ ತಮ್ಮ ಊರು ಬಿಟ್ಟು ಹೋಗಬೇಕೆಂದು ಆಜ್ಞೆಯಾಯಿತು. ಹಾಗೆ ಹೋದವರಲ್ಲಿ ಬಹಳಷ್ಟು ಜನ ಮುಂದೆ ಪೂರ್ವದ ಶಿಬಿರಗಳಲ್ಲಿ ಕೊಲ್ಲಲ್ಪಟ್ಟರು. ದಫ್ತರದ ನಿಖರತೆ ಇಲ್ಲದೆ ಇಷ್ಟು ಬೇಗ, ಇಷ್ಟು ಪೂರ್ಣವಾಗಿ ಇದು ನಡೆಯುತ್ತಿರಲಿಲ್ಲ; ಊರಿನವರ ಮೌನವಿಲ್ಲದೆಯೂ ನಡೆಯುತ್ತಿರಲಿಲ್ಲ.

ಯುದ್ಧ ಮುಗಿದ ಮೇಲೆ ಅದೇ ದಫ್ತರಕ್ಕೆ ತದ್ವಿರುದ್ಧವಾದ ಕೆಲಸ ಬಂತು. ಸೈಲೀಸಿಯಾ, ಪೂರ್ವ ಪ್ರಷ್ಯ ಮುಂತಾದ ಕಡೆಗಳಿಂದ ಹೊರದೂಡಲ್ಪಟ್ಟ ಜರ್ಮನರು ಬ್ರಿಟಿಷ್ ಆಡಳಿತದಲ್ಲಿದ್ದ ಈ ತೀರಕ್ಕೆ ರೈಲುಗಟ್ಟಲೆ ಬಂದರು. ನೋರ್ಡನ್ ಪಟ್ಟಣದ ಅಂಚಿನ ಟೀಡೋಫೆಲ್ಡ್‌ನಲ್ಲಿ ನೌಕಾಪಡೆ ಬಿಟ್ಟುಹೋದ ಬ್ಯಾರಕ್ಕುಗಳ ಶಿಬಿರದಲ್ಲಿ 1946ರಿಂದ 1960ರವರೆಗೆ ಸುಮಾರು 6,000 ಜನ ಬಾಳಿದರು. ಉಳಿದವರನ್ನು ರೈತರ ಮನೆಗಳಲ್ಲಿ ಕೋಣೆ ಗೊತ್ತುಮಾಡಿ ಇರಿಸಲಾಯಿತು. ರೈತರು ತಾವಾಗಿ ಬಾಗಿಲು ತೆರೆದದ್ದು ಕಡಿಮೆ, ಅಧಿಕಾರಿಯ ಚೀಟಿ ತೆರೆಸಿದ್ದೇ ಹೆಚ್ಚು. ಬಂದವರಲ್ಲಿ ಅನೇಕರು ಕ್ಯಾಥೊಲಿಕರು. ನಾಲ್ಕು ಶತಮಾನ ಲೂಥರನ್-ರಿಫಾರ್ಮ್ಡ್ ಎಂಬ ಜೋಡಿಗೇ ಹೊಂದಿಕೊಂಡಿದ್ದ ಹಳ್ಳಿಗಳಿಗೆ ಇದು ಹೊಸತು. ಅವರಿಗೆ ಪ್ಲಾಟ್ ನುಡಿ ತಿಳಿಯದು, ಒಡ್ಡು ಏನೆಂಬುದೂ ತಿಳಿಯದು. ಟೀಡೋಫೆಲ್ಡ್‌ನಲ್ಲಿ 1961ರಲ್ಲಿ ಕಟ್ಟಿದ ಗ್ನಾಡನ್‌ಕಿರ್ಖೆ ಎಂಬ ಚರ್ಚು ಈಗ ಆ ವಲಸೆಯ ದಾಖಲೆಗಳ ಕೇಂದ್ರವಾಗಿದೆ. ಜಿಲ್ಲೆ ಎಂಬ ಸಂಸ್ಥೆಗೆ ತನ್ನ 92 ವರ್ಷಗಳಲ್ಲಿ ಒಂದು ಸಾರ್ಥಕ ಕಾಲವಿದ್ದರೆ ಅದು ಈ ಹದಿನೈದು ವರ್ಷ ಎನ್ನಲು ಅಡ್ಡಿಯಿಲ್ಲ. ಬ್ರಿಟಿಷರು ಅದರ ರಚನೆಯನ್ನೂ ಮಾರ್ಪಡಿಸಿದರು: ಲಾಂಡ್ರಾಟ್ ಸಭೆಯಿಂದ ಚುನಾಯಿತನಾದ ಗೌರವ ಅಧ್ಯಕ್ಷನಾದನು, ಕಡತಗಳ ಹೊಣೆ ಬೇರೊಬ್ಬ ವೃತ್ತಿಪರ ಅಧಿಕಾರಿಗೆ ಹೋಯಿತು.

1970ರ ದಶಕದ ಸುಧಾರಣೆಗಳ ತರ್ಕ ಸರಳವಾಗಿತ್ತು: ಸಣ್ಣ ಘಟಕಗಳಿಗೆ ತಜ್ಞ ಅಧಿಕಾರಿಗಳನ್ನು ಸಾಕುವ ಶಕ್ತಿಯಿಲ್ಲ, ಆದ್ದರಿಂದ ಕೂಡಿಸಬೇಕು. 1972ರಲ್ಲಿ ಕ್ರುಮ್‌ಹ್ಯೋರ್ನ್‌ನ 19 ಹಳ್ಳಿಗಳು ಒಂದೇ ಪಂಚಾಯಿತಿಯಾದವು, ನೋರ್ಡನ್ ಪಟ್ಟಣ ಸುತ್ತಲಿನ ಹಳ್ಳಿಗಳನ್ನು ಸೇರಿಸಿಕೊಂಡಿತು. 1977ರ ಆಗಸ್ಟ್ 1ರಂದು ಜಿಲ್ಲೆಯೇ ಔರಿಷ್‌ಗೆ ಸೇರಿ, ಮುಖ್ಯಸ್ಥಳದ ಪಟ್ಟ ಔರಿಷ್ ಪಟ್ಟಣಕ್ಕೆ ಹೋಯಿತು. ಇದೇ ಸುಧಾರಣೆಯಲ್ಲಿ ಕೂಡಿಸಲ್ಪಟ್ಟ ನೆರೆಯ ವಿಟ್‌ಮುಂಡ್ ಮತ್ತು ಫ್ರೀಸ್‌ಲ್ಯಾಂಡ್ ಜಿಲ್ಲೆಗಳು ರಾಜ್ಯದ ಸಂವಿಧಾನ ನ್ಯಾಯಾಲಯದ ತೀರ್ಪಿನಿಂದ 1980ರಲ್ಲಿ ಮತ್ತೆ ಬೇರೆಯಾದವು. ನೋರ್ಡನ್ನಿಗೆ ಆ ಭಾಗ್ಯವಿರಲಿಲ್ಲ. ಪಟ್ಟಣದಲ್ಲಿ ಅಸಮಾಧಾನ ಬಹುಕಾಲ ಹೊಗೆಯಾಡಿತು. ಕ್ರುಮ್‌ಹ್ಯೋರ್ನ್‌ನವರಿಗೆ ನೋರ್ಡನ್ ಆದರೇನು, ಔರಿಷ್ ಆದರೇನು.

ಒಡ್ಡಿನ ಕೂಟಗಳ ಸ್ಥಿತಿ ಬೇರೆ. 1962ರ ಫೆಬ್ರವರಿಯಲ್ಲಿ ಉತ್ತರ ಸಮುದ್ರದ ಪೂರ ಹ್ಯಾಂಬರ್ಗಿನವರೆಗೆ ನುಗ್ಗಿದ ಮರುವರ್ಷ ಲೋಯರ್ ಸ್ಯಾಕ್ಸನಿ ಒಂದು ಒಡ್ಡಿನ ಕಾನೂನನ್ನು ಮಾಡಿತು. ಹೊಸ ಒಡ್ಡಿನ ನಿರ್ಮಾಣದ ಖರ್ಚನ್ನು ಇಂದು ಕೇಂದ್ರ ಮತ್ತು ರಾಜ್ಯ ಸರ್ಕಾರಗಳು 70ಕ್ಕೆ 30ರ ಪ್ರಮಾಣದಲ್ಲಿ ಹೊರುತ್ತವೆ. ಪಾಲನೆಯ ಹೊಣೆ ಹಳೆಯ ಕೂಟಗಳದ್ದೇ, ಅವುಗಳ ಮೇಲ್ವಿಚಾರಣೆ ಜಿಲ್ಲೆಯದು, ಮತ್ತು ವಸಂತದಲ್ಲೊಮ್ಮೆ ಶರತ್ಕಾಲದಲ್ಲೊಮ್ಮೆ ಎರಡೂ ಕಡೆಯವರು ಕೂಡಿ ಒಡ್ಡಿನುದ್ದಕ್ಕೂ ತಪಾಸಣೆ ಮಾಡುತ್ತಾರೆ. ಆ ಕಾನೂನಿನಲ್ಲಿ ಈ ಉಪನ್ಯಾಸದ ವಿಷಯಕ್ಕೆ ಮುಖ್ಯವಾದ ಮಾತು ಇನ್ನೊಂದಿದೆ. ಮಾರ್ಷಿನ ಹೊಲದ ಒಡೆಯರಷ್ಟೇ ಅಲ್ಲದೆ, ಒಡ್ಡಿನಿಂದ ರಕ್ಷಣೆ ಪಡೆಯುವ ತಗ್ಗುನೆಲದಲ್ಲಿ ಯಾವುದೇ ನಿವೇಶನವುಳ್ಳ ಪ್ರತಿಯೊಬ್ಬರೂ ಕೂಟದ ಸದಸ್ಯರು, ವಂತಿಗೆ ಕೊಡಬೇಕಾದವರು. ಸೈಲೀಸಿಯಾದಿಂದ ಬಂದು ಇಂಥ ನೆಲದಲ್ಲಿ ಒಂದು ಸಣ್ಣ ಮನೆ ಕಟ್ಟಿಕೊಂಡ ಕುಟುಂಬವೂ ಹೀಗೆ ಮಾರ್ಷಿನ ದೊಡ್ಡ ಒಕ್ಕಲುಮನೆಯೊಂದಿಗೆ ಅದೇ ಪಟ್ಟಿಗೆ ಸೇರಿತು. ಅದೇ ಬೀದಿಯಲ್ಲಿ ಬಾಡಿಗೆಗೆ ಇರುವವರು ಸದಸ್ಯರಲ್ಲ. ಆ ಸಭೆಯಲ್ಲಿ ಅವರಿಗೆ ಮತವಿಲ್ಲ.